ಮುಸೆಯೊ ರೋಸೆನ್‌ಬಾಕ್ ತಂಡದ ‘ಝರತುಷ್ಟ್ರ’: ವರ್ಷಗಟ್ಟಲೆ ಕೇಳಿದ ಮೇಲೆ

ಪ್ರೋಗ್ರೆಸಿವ್ ರಾಕ್ (ಚುಟುಕಾಗಿ ಪ್ರೋಗ್) ಅಂದರೆ ರಾಕ್ ಹಾಡನ್ನು ಹಲವು ಭಾಗಗಳ ಉದ್ದನೆಯ ಸಂಗೀತವಾಗಿ ಬೆಳೆಸುವ ಶೈಲಿ. ಇಟಲಿಯ ಪ್ರೋಗ್ ಅಂದರೆ ಪಿಎಫ್‌ಎಂ, ಬ್ಯಾಂಕೊ, ಲೆ ಓರ್ಮೆ ಈ ಮೂರು ತಂಡಗಳ ಹೆಸರಿಗೆ ಮಾತು ಮುಗಿಯುತ್ತದೆ. 1973ರ ಈ ಆಲ್ಬಮ್ ಅವುಗಳ ಪಕ್ಕದಲ್ಲೇ ಕೂರಬೇಕಾದದ್ದು. ಸಿಡಿ ತಂದು ಎಷ್ಟೋ ವರ್ಷವಾಯಿತು, ನನಗಿನ್ನೂ ಬೇಜಾರು ಬಂದಿಲ್ಲ.

ತಂಡ ಲಿಗೂರಿಯಾ ಕರಾವಳಿಯದು, ಸಾನ್‌ರೆಮೊ ಕಡೆಯ ಐದು ಹುಡುಗರು. ಎಲ್‌ಪಿಯ ಮೊದಲ ಬದಿಯಿಡೀ ಜರ್ಮನ್ ತತ್ವಜ್ಞಾನಿ ನೀಚೆಯ ಪುಸ್ತಕದಲ್ಲಿ ಬರುವ ಝರತುಷ್ಟ್ರನ ಮೇಲೆ ಕಟ್ಟಿದ ಒಂದೇ ಸಂಗೀತ. ಐದು ಭಾಗ, 20 ನಿಮಿಷಕ್ಕೂ ಜಾಸ್ತಿ. ಶುರು ತುಂಬಾ ಮೆತ್ತಗೆ. ಸ್ಟೆಫಾನೊ ಗಾಲಿಫಿ ಸ್ವಲ್ಪ ಒರಟು ದನಿಯಲ್ಲಿ ಹಾಡುತ್ತಾರೆ, ಆಮೇಲೆ ಮೆಲೊಟ್ರಾನ್ ಒಮ್ಮೆಗೇ ನುಗ್ಗುತ್ತದೆ. ಈ ವಾದ್ಯದಲ್ಲಿ ಒಂದೊಂದು ಕೀಲಿಗೂ ಒಂದೊಂದು ಟೇಪಿನ ಪಟ್ಟಿ ಇರುತ್ತದೆ. ಕೀಲಿ ಒತ್ತಿದರೆ ಮೊದಲೇ ರೆಕಾರ್ಡ್ ಮಾಡಿಟ್ಟ ಪಿಟೀಲೋ ಕೊಳಲೋ ಕೇಳುತ್ತದೆ. ಸುಮಾರು 8 ಸೆಕೆಂಡಿಗೆ ಟೇಪ್ ಮುಗಿದು ದನಿ ನಿಂತುಹೋಗುತ್ತದೆ, ಬೆರಳೆತ್ತಿ ಮತ್ತೆ ಒತ್ತಬೇಕು. ಎಷ್ಟೋ ತಂಡಗಳು ಇದನ್ನು ಹಾಡಿನ ಹಿಂದೆ ಮಂಜಿನ ಹಾಗೆ ಹರಡಿಬಿಡುತ್ತವೆ. ಇಲ್ಲಿ ಪಿಟ್ ಕೊರಾಡಿ ಅದನ್ನು ಮುಂದಕ್ಕೆ ತಂದು ಎನ್ಜೊ ಮೆರೊನ್ಯೊ ಗಿಟಾರಿಗೆ ಎದುರಾಗಿ ನಿಲ್ಲಿಸಿದ್ದಾರೆ. ಮೆಲೊಟ್ರಾನ್ ತರುವ ಆ ದೊಡ್ಡ ಧಾಟಿ ಮುಂದೆ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ಭಾರ ಬೇರೆ, ಜ್ಯಾನ್‌ಕಾರ್ಲೊ ಗೋಲ್ಜಿಯ ಡ್ರಮ್ಸ್ ಬೇರೆ. ಇಷ್ಟು ವರ್ಷ ನನ್ನನ್ನು ಹಿಡಿದಿಟ್ಟಿರುವುದು ಅದೇ.

ಎರಡನೇ ಬದಿಯಲ್ಲಿ ಮೂರು ಹಾಡು. ಅದರಲ್ಲಿ ‘ದೆಲ್ಲಾ ನಾತೂರಾ’ ಬಿಡಬೇಡಿ.

ರೆಕಾರ್ಡಿಂಗ್ ಮಾತ್ರ ಅಷ್ಟು ಸ್ವಚ್ಛವಾಗಿಲ್ಲ. ಎಲ್ಲ ವಾದ್ಯ ಒಟ್ಟಿಗೆ ಏರಿದಾಗ ಗಾಲಿಫಿಯ ದನಿ ಒಳಗೆ ಹೂತುಹೋಗುತ್ತದೆ. ನಾನು ಬಾಸ್ ಒಂಚೂರು ಇಳಿಸಿ ಸ್ಪೀಕರಿನಲ್ಲೇ ಕೇಳುತ್ತೇನೆ. ಹೆಡ್‌ಫೋನಿನಲ್ಲಿ ಬೇಗ ದಣಿವಾಗುತ್ತದೆ.

ಇಷ್ಟು ಒಳ್ಳೆಯ ಆಲ್ಬಮ್ ಮೂಲೆಗೆ ಬಿದ್ದದ್ದು ಯಾಕೆ? ಕಪ್ಪು ಹಿನ್ನೆಲೆಯ ಮುಖಪುಟದಲ್ಲಿ ಚೂರುಚೂರು ಚಿತ್ರ ಅಂಟಿಸಿ ಒಂದು ಮುಖ ಮಾಡಿದ್ದಾರೆ. ಅದರಲ್ಲೊಂದು ಚೂರು ಇಟಲಿಯ ಫ್ಯಾಸಿಸ್ಟ್ ಸರ್ವಾಧಿಕಾರಿ ಮುಸೊಲಿನಿಯ ಪ್ರತಿಮೆ. ಜೊತೆಗೆ ಒಂದು ಭಾಗದ ಹೆಸರೇ ‘ಸೂಪರ್‌ವೊಮೊ’, ಅಂದರೆ ಅತಿಮಾನವ. ಆಗಿನ ಇಟಲಿಯಲ್ಲಿ ಈ ಸಂಗೀತ ಕೇಳುತ್ತಿದ್ದ ಹುಡುಗರಲ್ಲಿ ಎಡಪಂಥದವರೇ ಜಾಸ್ತಿ. ಹಾಗಾಗಿ ತಂಡಕ್ಕೆ ಫ್ಯಾಸಿಸ್ಟರು ಅನ್ನುವ ಹಣೆಪಟ್ಟಿ ಅಂಟಿಕೊಂಡಿತು. ಆದರೆ ಹಾಡುಗಳಲ್ಲಿ ಇರುವುದು ಮನುಷ್ಯ ಮತ್ತು ಪ್ರಕೃತಿಯ ಮಾತು. ಇದು ಅನ್ಯಾಯ ಅಂತಲೇ ನನಗನ್ನಿಸುತ್ತದೆ. ಅದೇ ವರ್ಷ ಪಿಎಫ್‌ಎಂ ಇಂಗ್ಲಿಷ್ ಹಾಡುಗಳ ಆಲ್ಬಮ್ ತಂದು ಹೊರದೇಶ ತಲುಪಿತು. ಇವರಿಗೆ ಆ ದಾರಿ ಸಿಗಲಿಲ್ಲ, ತಂಡ ಚದುರಿಹೋಯಿತು. ಗೋಲ್ಜಿ 1975ರಲ್ಲಿ ಮಾತಿಯಾ ಬಜಾರ್ ಎಂಬ ಪಾಪ್ ತಂಡ ಸೇರಿ ಹೆಸರು ಮಾಡಿದರು.

ಮುಂದೆ ಹಳೆಯ ರೆಕಾರ್ಡ್ ಹುಡುಕುವವರ ಕೈಯಲ್ಲಿ ಆಲ್ಬಮ್‌ಗೆ ಮರುಜೀವ ಬಂತು. ಮೊದಲ ಬದಿಯ ಆ ಸಂಗೀತದ ಕಡೆಯ ಭಾಗದ ಹೆಸರು ‘ಇಲ್ ತೆಂಪಿಯೊ ದೆಲ್ಲೆ ಕ್ಲೆಸಿದ್ರೆ’. ಅದೇ ಹೆಸರಿಟ್ಟುಕೊಂಡ ಜಿನೋವಾದ ತಂಡವೊಂದು 2010ರಲ್ಲಿ ಮೊದಲ ಆಲ್ಬಮ್ ತಂದಿತು. ಹಾಡಿದವರು ಗಾಲಿಫಿಯೇ! 2013ರಲ್ಲಿ ಮುಸೆಯೊ ರೋಸೆನ್‌ಬಾಕ್ ಹೆಸರಲ್ಲೇ ‘ಬಾರ್ಬಾರಿಕಾ’ ಬಂತು. ಚೆನ್ನಾಗಿದೆ, ಆದರೆ ಮೊದಲು ‘ಝರತುಷ್ಟ್ರ’ ಕೇಳಿ.

ಇಂಗ್ಲೆಂಡಿನ ಪ್ರೋಗ್ ಕೆಲವೊಮ್ಮೆ ತೀರಾ ಲೆಕ್ಕಾಚಾರ ಅನ್ನಿಸುವವರಿಗೆ ಇದು ಖಂಡಿತ ಹಿಡಿಸುತ್ತದೆ. ಇಲ್ಲಿ ಇಟಲಿಯ ರಾಗದ ಮೋಹವೂ ಇದೆ, ಹಾರ್ಡ್ ರಾಕ್‌ನ ಏಟೂ ಇದೆ. ಇಟಾಲಿಯನ್ ಬರದಿದ್ದರೂ ಪರವಾಗಿಲ್ಲ. ಮೊದಲ ಬದಿಯನ್ನು ಮಾತ್ರ ನಡುವೆ ನಿಲ್ಲಿಸದೆ ಕೇಳಿ. 5ಕ್ಕೆ 4.5 ಕೊಡುತ್ತೇನೆ, ಅರ್ಧ ಕಡಿತ ರೆಕಾರ್ಡಿಂಗ್‌ಗೆ.