ನನ್ನ ಕಪಾಟಿನ ಐದು ಬಿಯರ್ ಮಗ್‌ಗಳು: ಹಳೆಯದಾ, ಹೊಸದಾ?

ಹಳೆ ಬಿಯರ್ ಸ್ಟೈನ್, ಅಂದರೆ ಸಾಮಾನ್ಯವಾಗಿ ಮುಚ್ಚಳ ಇರುವ ಜರ್ಮನ್ ಬಗೆಯ ಬಿಯರ್ ಮಗ್, ಕೂಡಿಡಲು ಶುರು ಮಾಡಿದವರಿಗೆ ಬೇಗ ಬರುವ ಪ್ರಶ್ನೆ ಒಂದಿದೆ. ಜರ್ಮನಿಯ ಎರಡು ಕಡೆಯ ಮಗ್‌ಗಳಲ್ಲಿ ವೆಸ್ಟರ್‌ವಾಲ್ಡ್ ತಗೊಳ್ಳಲಾ, ಮೆಟ್ಲಾಖ್ ತಗೊಳ್ಳಲಾ? ನಾನು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ತುಂಬಿಸಿ, ಕುಡಿದು, ತೊಳೆದು ನೋಡಿದ್ದೇನೆ. ಜೊತೆಗೆ ಸೈನಿಕರ ಪಿಂಗಾಣಿ ಮಗ್, ಬಡ್‌ವೈಸರ್ ಬಿಯರ್ ಕಂಪನಿಯ ಹಬ್ಬದ ಮಗ್, ಒಂದು ಲೀಟರಿನ ಗಾಜಿನ ಮಗ್ ಕೂಡ ಇವೆ.

ಮೊದಲು ಮೆಟ್ಲಾಖ್. ಜರ್ಮನಿಯ ಸಾರ್ ನದಿಯ ದಡದ ಈ ಊರಲ್ಲಿ ಒಂದು ಹಳೆ ಮಠವಿತ್ತು. 1809ರಲ್ಲಿ ಬಾಖ್ ಕುಟುಂಬ ಅದನ್ನು ಕೊಂಡು ಕಾರ್ಖಾನೆ ಮಾಡಿತು. 1836ರಲ್ಲಿ ವಿಲರಾಯ್ ಜೊತೆ ಸೇರಿ ವಿಲರಾಯ್ ಅಂಡ್ ಬಾಖ್ ಆಯಿತು. ನನ್ನ ಹತ್ತಿರ ಇರುವುದು ಗೆರೆ ಕೊರೆದ ಬಗೆಯದು. ಚಿತ್ರದ ಅಂಚಿನ ಮೇಲೆ ಉಗುರು ಆಡಿಸಿದರೆ ಗೆರೆ ಸಿಗುತ್ತದೆ. ಅದೇ ಮೆಟ್ಲಾಖ್‌ನಲ್ಲಿ ಮೆರುಗಿನ ಕೆಳಗೆ ಚಿತ್ರ ಮುದ್ರಿಸಿದ ಅಗ್ಗದ ಬಗೆಯೂ ಇದೆ, ಅದು ಪೂರ್ತಿ ನುಣುಪು. ಕೊಳ್ಳುವಾಗ ಕಣ್ಣಿಗಿಂತ ಉಗುರನ್ನು ನಂಬಿ. ತಳದಲ್ಲಿ ಹಳೆ ಗೋಪುರದ ಮುದ್ರೆ, ಮಾದರಿಯ ಸಂಖ್ಯೆ, ವರ್ಷ ಹೇಳುವ ಎರಡು ಅಂಕಿ ಇರುತ್ತವೆ. 98 ಅಂದರೆ 1898. ಸಂಗ್ರಹ ಮಾಡುವವರಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕಾ? ಸುಮ್ನೆ ತಿರುಗಿಸಿ ನೋಡಿದರೆ ಅದರ ಜಾತಕವೇ ಸಿಗುತ್ತದೆ.

ಆದರೂ ನನ್ನ ಮನಸ್ಸು ವೆಸ್ಟರ್‌ವಾಲ್ಡ್ ಕಡೆಗೆ. ರೈನ್ ನದಿಯ ಪೂರ್ವಕ್ಕಿರುವ ಗುಡ್ಡಗಾಡು ಅದು. ಅಲ್ಲಿನ ಮಗ್ ಬೂದು ಬಣ್ಣದ್ದು, ಮೇಲೆ ಕೋಬಾಲ್ಟ್ ನೀಲಿ. ಆವಿಗೆಯ ಬಿಸಿ 1200 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಒಳಗೆ ಉಪ್ಪು ಎಸೆಯುತ್ತಾರೆ. ಉಪ್ಪಿನ ಸೋಡಿಯಂ ಆವಿಯಾಗಿ ಮಣ್ಣಿನ ಸಿಲಿಕಾ ಜೊತೆ ಬೆರೆತು ಗಾಜಿನ ಪದರವಾಗುತ್ತದೆ. ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಗುಳಿ ಬೀಳುವುದು ಅದರಿಂದಲೇ. ಹೀಗಾಗಿ ಒಂದು ಮಗ್ ಇನ್ನೊಂದರ ಹಾಗೆ ಇರುವುದಿಲ್ಲ. ನನ್ನದರ ತಳದಲ್ಲಿ ಕುಂಬಾರ ಚಕ್ರದಿಂದ ದಾರ ಹಾಕಿ ಕತ್ತರಿಸಿದ ಸುರುಳಿ ಗುರುತು ಹಾಗೇ ಉಳಿದಿದೆ. ಹಿಡಿ ಅಂಟಿಸುವಾಗ ಒತ್ತಿದ ಬೆರಳಿನ ಗುಳಿಯೂ ಇದೆ. ನನ್ನ ಬೆರಳು ಅಲ್ಲಿ ಸರಿಯಾಗಿ ಕೂರುತ್ತದೆ. ಮೆಟ್ಲಾಖ್ ಎಷ್ಟೇ ಅಚ್ಚುಕಟ್ಟಾಗಿದ್ದರೂ ಈ ಗುಳಿ ಅದರಲ್ಲಿ ಸಿಗಲಿಲ್ಲ. ಈಗ ಅಚ್ಚಿನಲ್ಲಿ ಮಾಡಿದ ನೀಲಿ-ಬೂದು ಮಗ್‌ಗಳೂ ತುಂಬಾ ಸಿಗುತ್ತವೆ. ಪಕ್ಕದಲ್ಲಿ ಉದ್ದಕ್ಕೆ ಅಚ್ಚಿನ ಗೆರೆ ಕಂಡರೆ, ನೀಲಿ ಎಲ್ಲ ಕಡೆ ಒಂದೇ ಸಮನಾಗಿದ್ದರೆ, ಹಳೆಯದು ಅಂದುಕೊಂಡು ಹಣ ಕೊಡಬೇಡಿ.

ಹಣ ಕಳೆದುಕೊಂಡಿದ್ದು ಸೈನಿಕರ ಮಗ್‌ನಲ್ಲಿ. ಮೊದಲ ಮಹಾಯುದ್ಧಕ್ಕೆ ಮುಂಚೆ ಜರ್ಮನ್ ಸೈನಿಕರು ಸೇವೆ ಮುಗಿಸುವಾಗ ನೆನಪಿಗೆ ಮಾಡಿಸಿಕೊಳ್ಳುತ್ತಿದ್ದರು. ತಮ್ಮ ಹೆಸರು, ದಳ, ಸೇವೆಯ ವರ್ಷ ಎಲ್ಲ ಬರೆಸುತ್ತಿದ್ದರು. ಪಿಂಗಾಣಿಯ ತಳವನ್ನು ಬೆಳಕಿಗೆ ಹಿಡಿದರೆ ಒಳಗೆ ಚಿತ್ರ ಕಾಣುತ್ತದೆ. ನಾನು ಕೊಂಡಿದ್ದರಲ್ಲಿ ಕಂಡಿದ್ದು ಬಟ್ಟೆಯಿಲ್ಲದ ಹೆಂಗಸಿನ ಚಿತ್ರ. ಅಸಲಿ ಮಗ್‌ಗಳಲ್ಲಿ ಪ್ರಿಯತಮೆಗೆ ವಿದಾಯ ಹೇಳುವ ಸೈನಿಕನಂಥ ದೃಶ್ಯ ಇರುತ್ತದೆ, ಬೆತ್ತಲೆ ಚಿತ್ರ ನಕಲಿಯ ಗುರುತು ಅಂತ ಆಮೇಲೆ ತಿಳಿಯಿತು. ಇನ್ನೊಂದು ಸುಳಿವು ಕಣ್ಣ ಮುಂದೆಯೇ ಇತ್ತು. ಕಾಲಾಳು ದಳದ ಮಗ್, ಆದರೆ ಸೇವೆ 1905ರಿಂದ 1908. 1893ರ ನಂತರ ಕಾಲಾಳುಗಳ ಸೇವೆ ಎರಡೇ ವರ್ಷಕ್ಕೆ ಇಳಿದಿತ್ತು, ಮೂರು ವರ್ಷ ಇದ್ದದ್ದು ಕುದುರೆ ದಳಕ್ಕೆ. ಮಾರಿದವರು ವಾಪಸ್ ತಗೊಳ್ಳಲಿಲ್ಲ. ಹೊಸಬರು ಈ ಬಗೆಯಿಂದ ಶುರು ಮಾಡಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಬಡ್‌ವೈಸರ್ ಮಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1980ರಿಂದ ಅಮೆರಿಕದ ಆ ಕಂಪನಿ ಹಬ್ಬದ ಮಗ್ ತರಲು ಶುರು ಮಾಡಿತು. ಬ್ರೆಜಿಲ್‌ನ ಸೆರಾಮಾರ್ಟೆ ಕಾರ್ಖಾನೆ ಅವನ್ನು ಮಾಡಿಕೊಟ್ಟಿತು. ಕುದುರೆಗಾಡಿಯ ಉಬ್ಬು ಚಿತ್ರ ಚೆನ್ನಾಗಿದೆ. ವರ್ಷಕ್ಕೊಂದರಂತೆ ಸಾಲು ಪೂರ್ತಿ ಮಾಡುವ ಖುಷಿ ಬೇಕಾದವರಿಗೆ ಇದೇ ಸರಿ. ರಾಶಿ ರಾಶಿ ಮಾಡಿರುವುದರಿಂದ ಬೆಲೆ ಏರುತ್ತದೆ ಅಂತ ಮಾತ್ರ ಕಾಯಬೇಡಿ.

ಕುಡಿಯಲು ಯಾವುದು ಚೆನ್ನ? ಒಂದೇ ಬಿಯರನ್ನು ಎರಡು ದಿನ ಎಲ್ಲದರಲ್ಲೂ ಸುರಿದು ನೋಡಿದೆ. ಮೊದಲ ದಿನ ಮಗ್‌ಗಳನ್ನು ಹಾಗೇ ಇಟ್ಟಿದ್ದೆ. ದಪ್ಪ ಮಣ್ಣು ಬಿಯರಿನ ತಂಪನ್ನೆಲ್ಲ ಹೀರಿಕೊಂಡಿತು. ಎರಡನೇ ದಿನ ಫ್ರಿಜ್‌ನಲ್ಲಿ ಇಟ್ಟು ತೆಗೆದೆ. ಆಗ ಅದೇ ವೆಸ್ಟರ್‌ವಾಲ್ಡ್ ಕೊನೆಯ ಗುಟುಕಿನವರೆಗೂ ತಣ್ಣಗಿತ್ತು. ಗಾಜಿನ ಮಗ್‌ನಲ್ಲಿ ನೊರೆ, ಬಣ್ಣ, ಅಳತೆಯ ಗೆರೆ ಎಲ್ಲ ಕಾಣುತ್ತದೆ. ಅದು ನಿಜಕ್ಕೂ ದೊಡ್ಡ ಲಾಭ. ಆದರೆ ಖಾಲಿ ಇದ್ದಾಗಲೇ ಒಂದು ಕಿಲೋಗಿಂತ ಜಾಸ್ತಿ ತೂಕ, ತುಂಬಿದಾಗ ಮಣಿಕಟ್ಟು ನೋಯುತ್ತದೆ.

ಮುಚ್ಚಳದ ವಿಷಯ ಒಂದಿದೆ. ಹಳೆ ಮಗ್‌ಗಳ ಮುಚ್ಚಳ ಪ್ಯೂಟರ್ ಅನ್ನುವ ಲೋಹದ್ದು, ಅಂದರೆ ಹೆಚ್ಚಿನ ಪಾಲು ತವರ. ಹಳೆಯದರಲ್ಲಿ ಸೀಸವೂ ಇರಬಹುದು. ಹಾಗಾಗಿ ಹಳೆ ಮಗ್‌ಗಳನ್ನು ದಿನಾ ಕುಡಿಯಲು ಬಳಸುವುದಿಲ್ಲ, ಪರೀಕ್ಷೆಗೆ ಬಳಸಿದ್ದೇ ಸಾಕು. ಮುಚ್ಚಳವನ್ನು ಉಜ್ಜಿ ಹೊಳಪು ಮಾಡುವುದೂ ಇಲ್ಲ. ಆ ಮಂಕು ಬಣ್ಣ ಬರಲು ವರ್ಷಗಟ್ಟಲೆ ಬೇಕು, ಹೋಗಲು ಐದು ನಿಮಿಷ ಸಾಕು.

ಈಗ ನೀಲಿಯ ಜೊತೆ ಮ್ಯಾಂಗನೀಸ್ ನೇರಳೆಯೂ ಇರುವ ವೆಸ್ಟರ್‌ವಾಲ್ಡ್ ಹುಡುಕುತ್ತಿದ್ದೇನೆ. ಮುಚ್ಚಳ ಇಲ್ಲದಿದ್ದರೂ ನಡೆಯುತ್ತದೆ. ಬೆರಳಿನಿಂದ ತಟ್ಟಿದರೆ ಠಣ್ ಅನ್ನಬೇಕು, ಅಷ್ಟೇ. ದಪ್ ಅಂದರೆ ಎಲ್ಲೋ ಬಿರುಕಿದೆ.