ಸ್ನೋ ಬಿದ್ರೆ ಸ್ಕೂಲಿಗೆ ರಜಾನಾ, ಲೇಟ್ ಶುರುನಾ, ಆನ್‌ಲೈನಾ?

ಎಷ್ಟು ಇಂಚು ಬಿತ್ತು ಅನ್ನೋದಕ್ಕಿಂತ ರೋಡ್ ಹೆಂಗಿದೆ ಅನ್ನೋದೇ ಮುಖ್ಯ. ಕರಗಿದ ನೀರು ರಾತ್ರಿ ಮತ್ತೆ ಹೆಪ್ಪುಗಟ್ಟಿದ್ರೆ ತೆಳ್ಳಗೆ ಐಸ್ ಕೂತಿರತ್ತೆ, ಡ್ರೈವರ್ ಕಣ್ಣಿಗೆ ಬರೀ ಒದ್ದೆ ರೋಡ್ ಅಷ್ಟೇ, ಮೈನಸ್ 9 ಡಿಗ್ರಿಗಿಂತ ಕೆಳಗಿಳಿದ್ರೆ ಐಸ್ ಕರಗ್ಲಿ ಅಂತ ಮಾಮೂಲಿ ಉಪ್ಪು ಸುರಿದ್ರೂ ಅಷ್ಟಾಗಿ ಕೆಲ್ಸ ಮಾಡಲ್ಲ. ಅಂಥ ದಿನ ಬಸ್ ಬಿಡೋ ಮಾತೇ ಬೇಡ, ಮುಚ್ಬಿಡಿ.

ಪಾಠ ಹೋಗತ್ತಲ್ಲ ಅಂತೀರಾ? ಅಮೆರಿಕದ ಮಸಾಚುಸೆಟ್ಸ್ ಸ್ಕೂಲುಗಳ ಡೇಟಾ ಇಟ್ಕೊಂಡು ಜೋಶುವಾ ಗುಡ್‌ಮನ್ ಅನ್ನೋರು 2014ರಲ್ಲಿ ಒಂದು ಸ್ಟಡಿ ಬರೆದ್ರು, ಎಲ್ರಿಗೂ ಒಟ್ಟಿಗೆ ರಜಾ ಆದ್ರೆ ಮಾರ್ಕ್ಸ್‌ಗೆ ಏಟು ಬೀಳ್ಲಿಲ್ಲ, ಸ್ಕೂಲ್ ತೆಗೆದಿದ್ದು ಒಂದಷ್ಟು ಮಕ್ಳು ಬರ್ದೇ ಇದ್ದಾಗ್ಲೇ ಬಿತ್ತು. ಸರೀನೇ ಅಲ್ವಾ, ಬರದವ್ರಿಗೋಸ್ಕರ ಟೀಚರ್ ಅದೇ ಪಾಠ ಮತ್ತೆ ಹಿಡ್ಕೊಂಡು ಕೂರ್ಬೇಕು, ಬಂದವ್ರಿಗೂ ಬೋರು.

ಹಂಗಂತ ರಜಾ ಫ್ರೀ ಅಲ್ಲ. ಶಿಫ್ಟ್ ಕೆಲ್ಸದ ಅಪ್ಪ ಅಮ್ಮಂಗೆ ಒಂದು ದಿನದ ಸಂಬಳ ಹೋಗತ್ತೆ, ಸ್ಕೂಲ್ ಊಟಾನೇ ನಂಬಿರೋ ಮಕ್ಳಿಗೆ ಅದೂ ಇಲ್ಲ. ಅದಕ್ಕೇ ಹಗುರಾಗಿ ಬಿದ್ದ ದಿನ ಎರಡು ಗಂಟೆ ಲೇಟಾಗಿ ಶುರು ಮಾಡೋದೇ ನಂಗಿಷ್ಟ, ಬೆಳಕಾಗಿ ರೋಡಿನ ಸ್ನೋ ಬದಿಗೆ ತಳ್ಳೋ ಪ್ಲೋ ಗಾಡಿ ಒಂದು ರೌಂಡ್ ಹೊಡ್ದಿರತ್ತೆ. ಆದ್ರೆ ಹೇಳೋದನ್ನ ಬೇಗ ಹೇಳಿ ಮಾರಾಯ್ರೆ, ಮಕ್ಳು ಶೂ ಹಾಕ್ಕೊಂಡು ನಿಂತ್ಮೇಲೆ ಮೆಸೇಜ್ ಬಂದ್ರೆ ಏನುಪಯೋಗ.

ಆನ್‌ಲೈನ್? ನ್ಯೂಯಾರ್ಕ್ 2024ರ ಫೆಬ್ರವರಿ 13ಕ್ಕೆ ಟ್ರೈ ಮಾಡ್ತು, ಬೆಳಗ್ಗೆ ತುಂಬಾ ಜನಕ್ಕೆ ಲಾಗಿನ್ನೇ ಆಗ್ಲಿಲ್ಲ. ದೊಡ್ಡ ಕ್ಲಾಸಿನೋರಿಗೆ ಹೆಂಗೋ ನಡೆಯತ್ತೆ, ಒಂದನೇ ಕ್ಲಾಸ್ ಮಗು ಪಕ್ಕ ಯಾರಾದ್ರೂ ಕೂತೇ ಇರ್ಬೇಕು.