ಬಂದೂಕಿಲ್ಲದ ಮನೆಯ ಲ್ಯಾಬ್ರಡಾರ್‌ಗೆ ಕ್ಯಾನ್ವಾಸ್ ಡಮ್ಮಿ: ಎರಡೂವರೆ ವರ್ಷ ಬಳಸಿದ ಮೇಲೆ

ನಮ್ಮ ಮನೆಯಲ್ಲಿ ಬಂದೂಕು ಇಲ್ಲ, ಮೀನು ಮಾಂಸವೂ ಇಲ್ಲ. ಮೊದಲ ಸಲ ಡಮ್ಮಿ, ಅಂದರೆ ನಾಯಿಗೆ ಎಸೆದು ತರಿಸುವ ಬಟ್ಟೆಯ ಉರುಳೆ, ಹಿಡಿದುಕೊಂಡು ಶಿರಸಿ ಹತ್ತಿರದ ಊರಿಗೆ ಹೋದಾಗ ಆಯಿ ಕೇಳಿದ್ದು ಇಷ್ಟೇ: "ಎಂತದಾ ತಮಾ, ನಾಯಿಗೆ ಶಿಕಾರಿ ಕಲಿಸ್ತ್ಯ?" ಅವಳಿಗೆ ನಿಜವಾಗಿ ಬೇಜಾರಾಗಿತ್ತು. ಗನ್ ಡಾಗ್, ಅಂದರೆ ಬೇಟೆಗಾರನ ಜೊತೆ ಕೆಲಸ ಮಾಡುವ ನಾಯಿಯ ತರಬೇತಿ ಅಂದ ಕೂಡಲೇ ಎಲ್ಲರಿಗೂ ಇದೇ ಅನುಮಾನ ಬರುತ್ತದೆ. ಅದಕ್ಕೇ ಸಾಮಾನಿನ ಗುಣ ದೋಷಕ್ಕಿಂತ ಮೊದಲು ಇದನ್ನು ಹೇಳಿಬಿಡುತ್ತೇನೆ.

ಕಾಡುಪ್ರಾಣಿ ಬೇಟೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತಡೆದಿದೆ. ನನಗೂ ಅದು ಬೇಕಿಲ್ಲ. ಆದರೆ ಬೇಟೆಯಲ್ಲಿ ಲ್ಯಾಬ್ರಡಾರ್‌ನಂಥ ರಿಟ್ರೀವರ್ ನಾಯಿಯ ಕೆಲಸ ಅಟ್ಟಿಸಿಕೊಂಡು ಹೋಗಿ ಹಿಡಿಯುವುದಲ್ಲ. ಗುಂಡು ಹಾರಲಿ, ಹಕ್ಕಿ ಬೀಳಲಿ, ಅದು ಯಜಮಾನನ ಪಕ್ಕ ಸುಮ್ನೆ ಕೂತಿರಬೇಕು. ಹೇಳಿದ ಮೇಲೆ ಹೋಗಬೇಕು. ಹಲ್ಲು ಊರದೆ ತಂದು ಕೈಗೆ ಕೊಡಬೇಕು. ಅಂದರೆ ಅರ್ಧ ಕೆಲಸ ಕಾಯುವುದೇ. ಬಂದೂಕು ತೆಗೆದು ಅದರ ಜಾಗದಲ್ಲಿ ಡಮ್ಮಿ ಇಟ್ಟರೆ ಉಳಿಯುವುದು ಇಷ್ಟೂ ಒಳ್ಳೆಯ ಗುಣ.

ನಮ್ಮ ಮುನ್ನಿ ಹಳದಿ ಲ್ಯಾಬ್ರಡಾರ್. ಈಗ ಅವಳಿಗೆ ಮೂರೂವರೆ ವರ್ಷ. ನಾವಿರುವುದು ಕಾರವಾರದ ಕೋಡಿಬಾಗದಲ್ಲಿ. ಒಂದು ವರ್ಷದವಳಿದ್ದಾಗ ಅವಳನ್ನು ಸಂಭಾಳಿಸುವುದು ನಮಗೆ ಕಷ್ಟವಾಗಿತ್ತು. ಕಡಲತೀರದಲ್ಲಿ ರಂಪಣಿ ಬಲೆ ಎಳೆಯುವುದು ಕಂಡರೆ ಸಾಕು, ಹಗ್ಗ ಹಿಡಿದ ಮಗಳನ್ನೂ ಎಳೆದುಕೊಂಡು ಓಡುತ್ತಿದ್ದಳು. ಒಮ್ಮೆ ಮಗಳು ಬಿದ್ದು ಮೊಣಕಾಲು ಕಿತ್ತುಹೋಯಿತು. ನಾಯಿಯನ್ನು ಬೈದು ಏನು ಪ್ರಯೋಜನ? ಲ್ಯಾಬ್ರಡಾರ್‌ನ ಹಿರಿಯರು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಮೀನುಗಾರರ ಜೊತೆ ಇದ್ದ ನಾಯಿಗಳು. ಬಲೆಯ ಹಗ್ಗ ಎಳೆಯುವುದು, ತಪ್ಪಿಸಿಕೊಂಡ ಮೀನು ತರುವುದು ಅವುಗಳ ಕೆಲಸವಾಗಿತ್ತು. ಆಮೇಲೆ ಬ್ರಿಟನ್‌ನಲ್ಲಿ ಬೇಟೆಗಾರರ ಕೈಗೆ ಬಂದವು. ಅಲ್ಲಿನ ಕೆನೆಲ್ ಕ್ಲಬ್ 1903ರಲ್ಲಿ ಇದನ್ನು ಪ್ರತ್ಯೇಕ ತಳಿ ಅಂತ ಒಪ್ಪಿಕೊಂಡಿತು. ಬಲೆ ಕಂಡು ಓಡುವ ನಾಯಿಗೆ ಬೇಕಾಗಿದ್ದು ಬಾಯಿಗೊಂದು ಕೆಲಸ.

ಆಗ ತರಿಸಿದ್ದು ಎರಡು ಕ್ಯಾನ್ವಾಸ್ ಡಮ್ಮಿ, ಆಕ್ಮಿ ಕಂಪನಿಯ 211.5 ನಂಬರಿನ ಒಂದು ವಿಸಿಲ್, ಒಂದು ಸ್ಲಿಪ್ ಲೀಡ್ (ಕುತ್ತಿಗೆಗೆ ಹಾಕುವ ಕುಣಿಕೆ ಹಗ್ಗ). ಎಲ್ಲ ಸೇರಿ ಸುಮಾರು 3000 ರೂಪಾಯಿ.

ಡಮ್ಮಿ ಅಂದರೆ ಉದ್ದನೆಯ ದಿಂಬಿನ ಹಾಗಿರುವ ಗಟ್ಟಿ ಬಟ್ಟೆಯ ಉರುಳೆ. ತೂಕ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ. ತುದಿಯಲ್ಲಿ ಎಸೆಯಲು ಹಗ್ಗ ಇರುತ್ತದೆ. ನೀರಲ್ಲಿ ತೇಲುತ್ತದೆ. ಚೆಂಡು ಸಾಲದೇ ಅಂತ ನಾನೂ ಯೋಚಿಸಿದ್ದೆ. ಸಾಲುವುದಿಲ್ಲ. ಚೆಂಡು ಉರುಳುತ್ತದೆ, ನಾಯಿ ಅದರ ಹಿಂದೆ ಬೀಳುತ್ತದೆ, ಬಾಯಲ್ಲಿ ಜಗಿಯುತ್ತದೆ. ಡಮ್ಮಿ ಬಿದ್ದಲ್ಲೇ ಇರುತ್ತದೆ, ನಡುಮಧ್ಯೆ ಹಿಡಿದರೆ ಮಾತ್ರ ಬಾಯಲ್ಲಿ ಸರಿಯಾಗಿ ಕೂರುತ್ತದೆ. ಕೋಲನ್ನಂತೂ ಎಸೆಯಲೇಬೇಡಿ. ಓಡುವಾಗ ಗಂಟಲಿಗೆ ಚುಚ್ಚಿ ದೊಡ್ಡ ಗಾಯ ಆಗುತ್ತದೆ.

ಮೊದಲ ಮೂರು ತಿಂಗಳು ನಾನು ಮಾಡಿದ್ದು ತಪ್ಪು. ದಿನಾ ಮೂವತ್ತು ಸಲ ಎಸೆದೆ, ಅವಳು ಮೂವತ್ತು ಸಲ ಓಡಿದಳು. ಚುರುಕಾಗುವ ಬದಲು ಹುಚ್ಚಾದಳು. ಕೈ ಎತ್ತಿದರೆ ಸಾಕು, ಜಿಗಿಯುತ್ತಿದ್ದಳು. ಆಮೇಲೆ ಲೆಕ್ಕ ಬದಲಾಯಿಸಿದೆ. ಎಸೆದ ಹತ್ತರಲ್ಲಿ ಆರು ಡಮ್ಮಿಯನ್ನು ನಾನೇ ನಡೆದು ಹೋಗಿ ತಂದೆ. ಅವಳು ಕೂತು ನೋಡಬೇಕು. ಬಿದ್ದದ್ದೆಲ್ಲ ತನ್ನದಲ್ಲ ಅಂತ ಗೊತ್ತಾದ ದಿನ ಅವಳ ಕಣ್ಣೇ ಬದಲಾಯಿತು. ಡಮ್ಮಿ ನೋಡುತ್ತಿದ್ದವಳು ನನ್ನ ಮುಖ ನೋಡತೊಡಗಿದಳು. ಈ ಸಾಮಾನಿಗೆ ಕೊಟ್ಟ ದುಡ್ಡೆಲ್ಲ ನನಗೆ ಅವತ್ತೇ ವಾಪಸ್ ಬಂತು.

ಇನ್ನೊಂದು ಮಾತು. ತಂದ ಕೂಡಲೇ ಬಾಯಿಂದ ಕಿತ್ತುಕೊಳ್ಳಬೇಡಿ. ಅವಳು ಡಮ್ಮಿ ಹಿಡಿದುಕೊಂಡೇ ಇರುವಾಗ ಎದೆ ಸವರಿ ಹೊಗಳುತ್ತೇನೆ, ಆಮೇಲೆ ಕೈ ಒಡ್ಡುತ್ತೇನೆ. ಅವಸರ ಮಾಡಿದರೆ ನಾಯಿ ದೂರ ನಿಂತು ಆಟ ಆಡಿಸುತ್ತದೆ, ಇಲ್ಲ ಕಾಲ ಬುಡದಲ್ಲಿ ಬೀಳಿಸುತ್ತದೆ.

ಕರಾವಳಿಯಲ್ಲಿ ಗಾಳಿಯೇ ದೊಡ್ಡ ಮೇಷ್ಟ್ರು. ಮುಂಜಾನೆ ಗಾಳಿ ಭೂಮಿಯಿಂದ ಸಮುದ್ರದ ಕಡೆಗೆ ಬೀಸುತ್ತದೆ. ಬಿಸಿಲೇರಿದ ಮೇಲೆ ತಿರುಗುತ್ತದೆ. ಹಾಗಾಗಿ ಬೆಳಿಗ್ಗೆ ಡಮ್ಮಿಯನ್ನು ಗಾಳಿ ಮರಗಳ ನಡುವೆ ಬಚ್ಚಿಟ್ಟು, ನೀರಿನ ಅಂಚಿನಿಂದ ಮುನ್ನಿಯನ್ನು ಕಳಿಸುತ್ತೇನೆ. ವಾಸನೆ ಎದುರಿನಿಂದ ಬರುತ್ತದೆ. ದೂರದಲ್ಲೇ ಅವಳ ತಲೆ ಗಕ್ಕನೆ ತಿರುಗುತ್ತದೆ, ಬಾಲ ಜೋರಾಗುತ್ತದೆ. ಆ ತಿರುವು ನೋಡಲಿಕ್ಕೇ ನಾನು ಐದೂವರೆಗೆ ಏಳುತ್ತೇನೆ. ಇಲ್ಲಿನ ಸೆಕೆಗೆ ಏಳು ಗಂಟೆ ದಾಟಿದ ಮೇಲೆ ಓಡಿಸುವುದು ಒಳ್ಳೆಯದಲ್ಲ. ಈ ನಾಯಿಗೆ ಎರಡು ಪದರ ಕೂದಲು ಇದೆ, ಬೇಗ ಬಿಸಿ ಹತ್ತುತ್ತದೆ. ಹದಿನೈದು ನಿಮಿಷ ಸಾಕು.

ಅಲೆ ಜೋರಿದ್ದಾಗ ಬಾಯಲ್ಲಿ ಕೂಗಿದ್ದು ಕೇಳುವುದಿಲ್ಲ. ವಿಸಿಲ್ ಕೇಳುತ್ತದೆ. ಒಂದು ಉದ್ದ ಊದಿದರೆ ಕೂರು, ಚಿಕ್ಕದಾಗಿ ಮೂರ್ನಾಲ್ಕು ಸಲ ಊದಿದರೆ ಬಾ. ಅಷ್ಟೇ. ಒಳಗೆ ಅಲುಗಾಡುವ ಪುಟ್ಟ ಗುಂಡು ಇಲ್ಲದ ಪ್ಲಾಸ್ಟಿಕ್ ವಿಸಿಲ್ ಇದು, ಮರಳು ಉಪ್ಪು ಹೊಕ್ಕರೂ ತೊಳೆದರೆ ಸರಿಹೋಗುತ್ತದೆ. ನನಗೆ ಸಿಟ್ಟು ಬಂದರೂ ಅದರ ದನಿ ಬದಲಾಗುವುದಿಲ್ಲ. ಹೆಂಡತಿ ಊದಿದರೂ ಮಗಳು ಊದಿದರೂ ಮುನ್ನಿಗೆ ಒಂದೇ. ಒಂದು ಕಳೆದುಹೋಯಿತು, ಅದೇ ನಂಬರಿನದು ತರಿಸಿದೆ, ಅವಳಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ.

ಇದರ ಬೆಲೆ ಗೊತ್ತಾಗಿದ್ದು ಕಳೆದ ವರ್ಷ ಊರಿನಲ್ಲಿ. ತೋಟದ ಮೇಲಿನ ಬೇಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಡಮ್ಮಿ ತರಲು ಮುನ್ನಿಯನ್ನು ಕಳಿಸಿದ್ದೆ. ಅರ್ಧ ದಾರಿಯಲ್ಲಿ ಅವಳ ಮೂಗಿನ ಕೆಳಗಿಂದಲೇ ಒಂದು ನವಿಲು ಎದ್ದಿತು. ಅವಳು ತಿರುಗಿದಳು. ಆ ಕಡೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ನಾನು ಒಂದು ಉದ್ದ ಊದಿದೆ. ಕೂತುಬಿಟ್ಟಳು. ಮೈಯೆಲ್ಲ ನಡುಗುತ್ತಿತ್ತು, ಆದರೂ ಕೂತೇ ಇದ್ದಳು. ನವಿಲು ಮರ ಸೇರಿತು. ಆಯಿ ಅಂಗಳದಿಂದ ನೋಡುತ್ತಿದ್ದಳು. ಶಿಕಾರಿ ಅನ್ನುವ ಮಾತು ಆಮೇಲೆ ಅವಳ ಬಾಯಲ್ಲಿ ಬರಲಿಲ್ಲ.

ಇನ್ನು ದೋಷಗಳು. ಡಮ್ಮಿಯ ಹಗ್ಗ ಪೋಣಿಸುವ ರಿಂಗ್ ಕಬ್ಬಿಣದ್ದು. ಉಪ್ಪು ಗಾಳಿಗೆ ನಾಲ್ಕೇ ತಿಂಗಳಲ್ಲಿ ತುಕ್ಕು ಹಿಡಿದು ಬಟ್ಟೆ ಹರಿಯಿತು. ಮಾರಿದವರಿಗೆ ಫೋಟೋ ಕಳಿಸಿದೆ, ಉತ್ತರ ಬರಲಿಲ್ಲ. ಕೊನೆಗೆ ಬಲೆ ರಿಪೇರಿ ಮಾಡುವ ಅಣ್ಣ ಒಬ್ಬರು ತಮ್ಮ ನೈಲಾನ್ ದಾರದಲ್ಲೇ ಹೊಲಿದು ಕೊಟ್ಟರು. ಕಂಪನಿ ಹೊಲಿಗೆಗಿಂತ ಗಟ್ಟಿಯಾಗಿದೆ. ಮಳೆಗಾಲದಲ್ಲಿ ಕ್ಯಾನ್ವಾಸ್ ಒಣಗುವುದೇ ಇಲ್ಲ, ಬೂಷ್ಟು ಬರುತ್ತದೆ. ಊರಿನಲ್ಲಿದ್ದರೆ ಬಚ್ಚಲ ಒಲೆ ಮೇಲೆ ನೇತು ಹಾಕುತ್ತೇವೆ, ಕಾರವಾರದಲ್ಲಿ ಫ್ಯಾನೇ ಗತಿ. ಸ್ಲಿಪ್ ಲೀಡ್ ಪರವಾಗಿಲ್ಲ, ಸಿಹಿನೀರಲ್ಲಿ ತೊಳೆಯದಿದ್ದರೆ ಬಿರುಸಾಗುತ್ತದೆ.

ಒಂದು ತಪ್ಪು ಪೂರ್ತಿ ನನ್ನದು. ಸಮುದ್ರದಲ್ಲಿ ಒಂದೇ ಸಮನೆ ಎಸೆದು ತರಿಸಿದೆ. ಬಾಯಿ ತೆರೆದು ಡಮ್ಮಿ ಹಿಡಿದು ಈಜುವಾಗ ಉಪ್ಪುನೀರು ಹೊಟ್ಟೆಗೆ ಹೋಗುತ್ತದೆ. ರಾತ್ರಿಯೆಲ್ಲ ವಾಂತಿ, ಭೇದಿ. ಅವತ್ತು ನಾನು ಮಲಗಲಿಲ್ಲ. ಈಗ ನೀರಿಗೆ ನಾಲ್ಕೇ ಸಲ, ನಡುವೆ ಬಾಟಲಿಯ ಸಿಹಿನೀರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರಕ್ಕೆ ಇಳಿಸುವುದೇ ಇಲ್ಲ. ಚಳಿಗಾಲದಲ್ಲಿ ನಮ್ಮ ತೀರಕ್ಕೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ಬರುತ್ತವೆ, ಆಗ ಮರಳಿನ ಮೇಲೆ ಹಗ್ಗ ಬಿಚ್ಚುವುದಿಲ್ಲ. ನಾಯಿ ಎಷ್ಟೇ ಕಲಿತಿರಲಿ, ಮೊಟ್ಟೆ ವಾಸನೆಗೆ ನೆಲ ಕೆದರುತ್ತದೆ.

ಐದರಲ್ಲಿ ಡಮ್ಮಿಗೆ ಮೂರೂವರೆ, ವಿಸಿಲ್‌ಗೆ ಐದು. ಸಮುದ್ರದ ಹತ್ತಿರ ಇರುವವರು ಕಬ್ಬಿಣದ ರಿಂಗ್ ಇಲ್ಲದ್ದನ್ನೇ ಹುಡುಕಿ. ಬಣ್ಣದ ಬಗ್ಗೆಯೂ ಯೋಚಿಸಿ. ನಾಯಿಗೆ ಕೆಂಪು, ಕಿತ್ತಳೆ, ಹಸಿರು ಸರಿಯಾಗಿ ಬೇರೆ ಕಾಣುವುದಿಲ್ಲ. ಹಾಗಾಗಿ ಕಣ್ಣಲ್ಲಿ ನೋಡಿ ತರಬೇಕಾದ್ದಕ್ಕೆ ಬಿಳಿ ಡಮ್ಮಿ, ಮೂಗಿನಿಂದ ಹುಡುಕಬೇಕಾದ್ದಕ್ಕೆ ಕಿತ್ತಳೆ. ನಮ್ಮ ಎರಡೂ ಹಸಿರು ಡಮ್ಮಿ ಬೇಣದ ಹುಲ್ಲಿನಲ್ಲಿ ನನಗೇ ಕಾಣದೆ ಎಷ್ಟೋ ಸಲ ಹುಡುಕಾಡಿದ್ದೇನೆ. ಈ ದೀಪಾವಳಿಗೆ ಊರಿಗೆ ಹೋಗುವ ಮೊದಲು ಒಂದು ಕಿತ್ತಳೆಯದು ತರಿಸಬೇಕು.